ಹೆಸರು ಒಂದೇ, ಹುಳು ಬೇರೆ: ಗುಲಗಂಜಿ ಹುಳುಗಳ ತಳಿಭೇದ ಕುರಿತು



ಹಿಟ್ಟು ತಿಗಣೆಯ ಬಗ್ಗೆ ಸಂಘದ ಕಚೇರಿಗೆ ಬರುವ ದೂರುಗಳಲ್ಲಿ ಈಚೆಗೆ ಹೊಸ ಬಗೆಯದೊಂದು ಸೇರಿಕೊಂಡಿದೆ. "ಹುಳು ತಂದು ಬಿಟ್ಟೆವು, ನಾಲ್ಕನೆಯ ದಿನ ನೋಡಿದರೆ ಒಂದೂ ಇಲ್ಲ" ಎನ್ನುವವರು ಒಂದು ಕಡೆ. "ನಮ್ಮಲ್ಲಿ ಒಮ್ಮೆ ಬಿಟ್ಟದ್ದು ಮೂರು ವರ್ಷದಿಂದ ತಾನಾಗಿ ಉಳಿದುಕೊಂಡಿದೆ, ಔಷಧಿ ಹೊಡೆಯುವ ಪ್ರಮೇಯವೇ ಬಂದಿಲ್ಲ" ಎನ್ನುವವರು ಇನ್ನೊಂದು ಕಡೆ. ವಿಚಾರಿಸಿದರೆ ಇಬ್ಬರೂ ಬಿಟ್ಟದ್ದು ಒಂದೇ ಹೆಸರಿನ ಹುಳು, ಕ್ರಿಪ್ಟೊಲೀಮಸ್. ಇಬ್ಬರ ತೋಟದ ನಡುವೆ ಇರುವುದು ಒಂದು ಹಳ್ಳ ಮಾತ್ರ. ನೆರಳು, ಇರುವೆ, ಸಿಂಪರಣೆ ಇವುಗಳಿಂದ ವ್ಯತ್ಯಾಸವಾಗುವುದು ಎಲ್ಲರಿಗೂ ಗೊತ್ತು. ಆದರೆ ಹುಳುವಿನಲ್ಲೇ ವ್ಯತ್ಯಾಸವಿರಬಹುದೆಂಬುದನ್ನು ನಾವು ಬೆಳೆಗಾರರು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಯೋಚಿಸಬೇಕಾದ ಸಂದರ್ಭ ಈಗ ಬಂದಿದೆ. ಸಂಘವೇ ಹುಳು ಸಾಕಬೇಕೇ, ಅಥವಾ ಹೊರಗಿನಿಂದ ಸಗಟಾಗಿ ಕೊಂಡು ಸದಸ್ಯರಿಗೆ ಹಂಚಬೇಕೇ ಎಂಬ ವಿಷಯ ಬರುವ ಮಹಾಸಭೆಯ ಮುಂದಿದೆ. ಖರ್ಚಾಗುವುದು ಸದಸ್ಯರ ಹಣ. ಆದುದರಿಂದ ಕೈಯೆತ್ತುವ ಮುಂಚೆ ನಾವು ಕೊಳ್ಳುವುದೇನೆಂದು ತಿಳಿದಿರುವುದು ಒಳ್ಳೆಯದೆಂದು ಈ ಲೇಖನವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇವೆ.

ಕಾಫಿ ತೋಟಕ್ಕೆ ಬಂದ ಆಸ್ಟ್ರೇಲಿಯಾದ ಅತಿಥಿ

ಕ್ರಿಪ್ಟೊಲೀಮಸ್ ನಮ್ಮ ನಾಡಿನದಲ್ಲ. ಆಸ್ಟ್ರೇಲಿಯಾದ ಪೂರ್ವ ಭಾಗ ಅದರ ತವರು. 1898ರಲ್ಲಿ ಅದನ್ನು ದಕ್ಷಿಣ ಭಾರತಕ್ಕೆ ತರಿಸಿದ್ದು ಕಾಫಿಗಾಗಿಯೇ, ಆದರೆ ಹಿಟ್ಟು ತಿಗಣೆಗಲ್ಲ. ಆಗ ಕಾಫಿಯನ್ನು ಕಾಡುತ್ತಿದ್ದ ಹಸಿರು ತಿಗಣೆಯನ್ನು ತಿಂದು ಹಾಕಲಿ ಎಂಬುದು ಆ ಕಾಲದವರ ಉದ್ದೇಶ. ಹುಳು ಆ ಕೆಲಸ ಮಾಡಲಿಲ್ಲ. ಹತ್ತಿಯಂಥ ಮೊಟ್ಟೆಚೀಲ ಕಂಡರೆ ಅದರೊಳಗೋ ಪಕ್ಕದಲ್ಲೋ ತನ್ನ ಮೊಟ್ಟೆಯನ್ನಿಡುವುದು ಇದರ ಸ್ವಭಾವ. ಹಸಿರು ತಿಗಣೆಗೆ ಅಂಥ ಚೀಲವಿಲ್ಲ. ಹಿಟ್ಟು ತಿಗಣೆಗೆ ಉಂಟು. ಹೀಗಾಗಿ ಕರೆಸಿದ ಕೆಲಸ ಬಿಟ್ಟು ತನಗೆ ಬೇಕಾದ ಕೆಲಸ ಹುಡುಕಿಕೊಂಡು ಕಾಫಿ, ಹಣ್ಣಿನ ತೋಟ, ಹೂಗಿಡಗಳಲ್ಲಿ ಅಲ್ಲಲ್ಲಿ ನೆಲೆಯೂರಿತು. ನಮ್ಮ ರೋಬಸ್ಟಾ ತೋಟಗಳಲ್ಲಿ ಬೇಸಿಗೆಯ ಒಣಹವೆಯಲ್ಲಿ ಗೆಣ್ಣು, ಮೊಗ್ಗು, ಎಳೆಗಾಯಿಗಳ ಮೇಲೆ ಕೂರುವ ಬಿಳಿಯ ತಿಗಣೆಗೆ ಇದೇ ಈಗ ಮುಖ್ಯ ವೈರಿಗಳಲ್ಲೊಂದು. 1983ರಲ್ಲಿ ವೆಸ್ಟ್ ಇಂಡೀಸಿನಿಂದ ಬಂದ ಲೆಪ್ಟೊಮಾಸ್ಟಿಕ್ಸ್ ಎಂಬ ಸಣ್ಣ ಕಣಜ ಇದಕ್ಕೆ ಜೊತೆಗಾರ.

ಇಲ್ಲೊಂದು ಮಾತು ಹೇಳಿಯೇ ಮುಂದಕ್ಕೆ ಹೋಗಬೇಕು. ಈ ಹುಳುವಿನ ಮರಿ ಮೈಮೇಲೆ ಬಿಳಿ ಮೇಣದ ಜೂಲು ಹೊತ್ತು ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಬೆಳೆದ ಮರಿ ತಿಗಣೆಯ ಮೂರರಷ್ಟು ದೊಡ್ಡದಿದ್ದು ಚುರುಕಾಗಿ ನಡೆದಾಡುತ್ತದೆ. ಇದನ್ನೇ "ದೊಡ್ಡ ತಿಗಣೆ" ಎಂದು ಆಳುಗಳು ಹೊಸಕಿ ಹಾಕುವುದನ್ನೂ, ರೈಟರುಗಳು ಓಡಿಬಂದು "ಪಂಪು ಕಟ್ಟಿಸಲೇ ಸ್ವಾಮಿ?" ಎಂದು ಕೇಳುವುದನ್ನೂ ನಾವು ಹಲವು ತೋಟಗಳಲ್ಲಿ ನೋಡಿದ್ದೇವೆ. ಮಾಲೀಕರು ದಯವಿಟ್ಟು ಒಮ್ಮೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕು. ದೊಡ್ಡ ಹುಳುವಿನ ಗುರುತು ಸುಲಭ. ಅಕ್ಕಿಕಾಳಿಗಿಂತ ಚಿಕ್ಕದು, ರೆಕ್ಕೆಯ ಚಿಪ್ಪು ಕಪ್ಪುಗಂದು, ತಲೆಯ ಕಡೆಗೂ ಬಾಲದ ತುದಿಗೂ ಕಿತ್ತಳೆ ಬಣ್ಣ.

ತಳಿ ಎಂದರೆ ನಮಗೆ ಹೊಸದಲ್ಲ

ಗಿಡದ ವಿಷಯದಲ್ಲಿ ನಾವು ಎಷ್ಟು ಜಾಗರೂಕರು! ಅರೇಬಿಕಾ ಬೀಜ ಬೇಕೆಂದರೆ ಎಸ್. 795 ಬೇಕೇ, ಕಾವೇರಿ ಬೇಕೇ, ಚಂದ್ರಗಿರಿಯೇ ಎಂದು ನಾಲ್ಕು ಸಲ ಕೇಳುತ್ತೇವೆ. ಅಡಿಕೆ ಸಸಿ ಕೊಳ್ಳುವಾಗ ತೀರ್ಥಹಳ್ಳಿಯದೋ, ದಕ್ಷಿಣ ಕನ್ನಡದ್ದೋ, ಮಂಗಳವೋ ಎಂದು ವಿಚಾರಿಸಿ, ತಾಯಿಮರ ಯಾರ ತೋಟದ್ದೆಂದೂ ಕೇಳುತ್ತೇವೆ. ಹುಳು ತರುವಾಗ ಮಾತ್ರ "ಒಂದು ಪೆಟ್ಟಿಗೆ ಕೊಡಿ" ಎಂದಷ್ಟೇ ಹೇಳುತ್ತೇವೆ.

ಗುಲಗಂಜಿ ಹುಳುಗಳಲ್ಲಿ ಒಂದೇ ಜಾತಿಯೊಳಗೆ ಊರಿನಿಂದೂರಿಗೆ ಎಷ್ಟು ಭೇದವಿರುತ್ತದೆಂಬುದು ವಿಜ್ಞಾನಿಗಳ ಗಮನಕ್ಕೆ ಬಂದು ನೂರು ವರ್ಷವೇ ಆಯಿತು. ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣ. ಹಾರ್ಮೋನಿಯ ಆಕ್ಸಿರಿಡಿಸ್ ಎಂಬ ಏಷ್ಯಾದ ಗುಲಗಂಜಿ ಹುಳುವಿನಲ್ಲಿ ಹಳದಿಯ ಮೇಲೆ ಕಪ್ಪು ಚುಕ್ಕೆ, ಕಪ್ಪಿನ ಮೇಲೆ ಎರಡು ಕೆಂಪು ಚುಕ್ಕೆ, ನಾಲ್ಕು ಚುಕ್ಕೆ, ಹೀಗೆ ಇನ್ನೂರಕ್ಕೂ ಮಿಕ್ಕಿ ರೂಪಗಳನ್ನು ಹೆಸರಿಸಿದ್ದಾರೆ. ಸೈಬೀರಿಯದ ಪಶ್ಚಿಮದಲ್ಲಿ ಒಂದು ರೂಪವೇ ಹೆಚ್ಚು, ಪೂರ್ವಕ್ಕೆ ಹೋದಂತೆ ಬೇರೆ ರೂಪಗಳದೇ ಪ್ರಾಬಲ್ಯ ಎಂಬುದನ್ನು 1924ರಲ್ಲಿ ಡಾಬ್‌ಜಾನ್‌ಸ್ಕಿ ಎಂಬ ತರುಣ ವಿಜ್ಞಾನಿ ವರದಿ ಮಾಡಿದರು. ಮುಂದೆ ಅವರು ವಂಶವಾಹಿ ವಿಜ್ಞಾನದಲ್ಲಿ ಜಗತ್ಪ್ರಸಿದ್ಧರಾದರು. ಅವರ ಬಳಿ ಕಲಿತ ಚೀನಾದ ಟಾನ್ ಅವರು 1946ರಲ್ಲಿ ಈ ಬಣ್ಣಗಳು ತಾಯಿತಂದೆಯಿಂದ ಮಕ್ಕಳಿಗೆ ಹೇಗೆ ಇಳಿದುಬರುತ್ತವೆಂಬುದನ್ನು ತೋರಿಸಿದರು. ಇಷ್ಟೆಲ್ಲ ಬಣ್ಣದಾಟದ ಹಿಂದೆ ಮುಖ್ಯವಾಗಿ ಇರುವುದು ಪ್ಯಾನಿಯರ್ ಎಂಬ ಒಂದೇ ವಂಶವಾಹಿ ಎಂಬುದು ಖಚಿತವಾದದ್ದು 2018ರಲ್ಲಿ.

ಬಣ್ಣ ಬರಿಯ ಅಲಂಕಾರವಲ್ಲ. ಯೂರೋಪಿನ ಎರಡು ಚುಕ್ಕೆಯ ಗುಲಗಂಜಿ ಹುಳುವಿನಲ್ಲಿ ಕೆಂಪು ಬಗೆ, ಕಪ್ಪು ಬಗೆ ಎರಡೂ ಉಂಟು. ಕಪ್ಪು ಮೈ ಬಿಸಿಲನ್ನು ಬೇಗ ಹೀರಿಕೊಳ್ಳುವುದರಿಂದ ಚಳಿಯೂರಿನ ಬೆಳಗಿನಲ್ಲಿ ಅದು ಕೆಂಪಿನ ಹುಳುವಿಗಿಂತ ಮುಂಚೆಯೇ ಕೆಲಸಕ್ಕೆ ಇಳಿಯಬಲ್ಲದು. ಬಿಸಿಲು ಹೆಚ್ಚಿರುವ ಕಡೆ ಅದೇ ತೊಂದರೆಯಾಗಲೂಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಖಾನೆಯ ಹೊಗೆ ಕಡಿಮೆಯಾಗಿ ಊರು ಬೆಳ್ಳಗಾದ ಮೇಲೆ ಕಪ್ಪು ಹುಳುಗಳ ಪ್ರಮಾಣ ಇಳಿಯುತ್ತ ಬಂದದ್ದನ್ನು 1960ರ ದಶಕದಿಂದ ಈಚೆಗೆ ಎಣಿಸಿ ತೋರಿಸಿದ್ದಾರೆ.

ಕಣ್ಣಿಗೆ ಕಾಣದ ಭೇದಗಳು ಇದಕ್ಕಿಂತ ಮುಖ್ಯ. ಏಳು ಚುಕ್ಕೆಯ ಹುಳುವನ್ನೇ ನೋಡಿ. ನಮ್ಮ ದೇಶದ ಸಾಸಿವೆ ಹೊಲಗಳಲ್ಲಿ ಹೇನು ತಿನ್ನುವ ಹುಳು ಇದೇ, ಯೂರೋಪಿನ ಗೋಧಿ ಹೊಲಗಳಲ್ಲೂ ಇದೇ. ಆದರೆ ಚಳಿಪ್ರದೇಶದ ಸಂತತಿಯಲ್ಲಿ ಹೆಚ್ಚಿನ ಹುಳುಗಳು ವರ್ಷಕ್ಕೆ ಒಂದೇ ಪೀಳಿಗೆ ಮುಗಿಸಿ ತಿಂಗಳುಗಟ್ಟಲೆ ಸುಮ್ಮನೆ ಮಲಗಿಬಿಡುತ್ತವೆ. ಬೆಚ್ಚನೆಯ ಸೀಮೆಯ ಸಂತತಿ ಒಂದಾದ ಮೇಲೊಂದರಂತೆ ಹಲವು ಪೀಳಿಗೆ ನಡೆಸುತ್ತದೆ. ಚೆಕ್ ದೇಶದ ಈವೋ ಹೊಡೆಕ್ ಎಂಬ ವಿದ್ವಾಂಸರು ಬಹುತೇಕ ಇಡೀ ಜೀವಮಾನವನ್ನು ಈ ಹುಳುಗಳ ಅಭ್ಯಾಸಕ್ಕೇ ಮೀಸಲಿಟ್ಟಿದ್ದರು. ಒಂದೇ ಹೆಸರು, ಒಂದೇ ರೂಪ, ಪಂಚಾಂಗ ಮಾತ್ರ ಬೇರೆ ಬೇರೆ. ಎಷ್ಟು ತಿನ್ನುತ್ತದೆ, ಎಷ್ಟು ಮೊಟ್ಟೆಯಿಡುತ್ತದೆ, ಎಷ್ಟು ಸೆಕೆ ತಡೆಯುತ್ತದೆ ಎಂಬ ವಿಷಯಗಳಲ್ಲೂ ಹೀಗೆಯೇ.

ಹಾರಿಹೋಗುವ ಹುಳು

"ಬಿಟ್ಟ ಹುಳು ಹಾರಿಹೋಯಿತು" ಎಂಬ ದೂರು ನಮ್ಮದು ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹಿಪೊಡೇಮಿಯ ಎಂಬ ಗುಲಗಂಜಿ ಹುಳು ಬೇಸಿಗೆಯಲ್ಲಿ ಬಯಲಿನಿಂದ ಸಿಯೆರಾ ನೆವಾಡ ಬೆಟ್ಟಗಳಿಗೆ ಹಾರಿಹೋಗಿ ಕಲ್ಲುಸಂದಿಗಳಲ್ಲಿ, ಎಲೆಗೊಬ್ಬರದಡಿಯಲ್ಲಿ ರಾಶಿರಾಶಿಯಾಗಿ ಮಲಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಜನ ಬೆಟ್ಟ ಹತ್ತಿ ಅವನ್ನು ಚೀಲಗಳಲ್ಲಿ ತುಂಬಿ ತಂದು ರೈತರಿಗೆ ಕೊಡಲು ಶುರುಮಾಡಿದರು. ಈಗಲೂ ಇದೊಂದು ವ್ಯಾಪಾರ. ಆದರೆ ಬೆಟ್ಟದಿಂದೆದ್ದ ಹುಳು ದೂರ ಹಾರಿದ ಮೇಲೆಯೇ ಊಟಕ್ಕೆ ಕೂರುವಂತೆ ಹುಟ್ಟಿನಿಂದ ಬಂದ ಸ್ವಭಾವ ಅದರದು. ಹೊಲದಲ್ಲಿ ಬಿಟ್ಟ ಎರಡು ಮೂರು ದಿನದಲ್ಲಿ ಹೆಚ್ಚಿನವು ಪಕ್ಕದವರ ಪಾಲಾಗುತ್ತವೆ. ಸಾಲದ್ದಕ್ಕೆ ಅಮೆರಿಕದ ಪೂರ್ವ ತೀರದ ಹಿಪೊಡೇಮಿಯಕ್ಕೂ ಪಶ್ಚಿಮದ್ದಕ್ಕೂ ವಂಶವಾಹಿಯಲ್ಲಿ ಭೇದವಿದೆಯೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಪಶ್ಚಿಮದ ಬೆಟ್ಟದಲ್ಲಿ ಹಿಡಿದದ್ದನ್ನು ದೇಶದ ಉದ್ದಗಲಕ್ಕೂ ಮಾರುವುದೆಂದರೆ ಸ್ಥಳೀಯ ತಳಿಯೊಳಗೆ ಹೊರಗಿನದನ್ನು ಬೆರೆಸಿದಂತೆಯೇ ಸರಿ.

ಹಾರುವ ಶಕ್ತಿಯೂ ವಂಶವಾಹಿಗೆ ಸೇರಿದ್ದೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಜಪಾನಿನ ಸಂಶೋಧಕರು ಪ್ರತಿ ಪೀಳಿಗೆಯಲ್ಲೂ ಸರಿಯಾಗಿ ಹಾರಲಾರದ ಹಾರ್ಮೋನಿಯ ಹುಳುಗಳನ್ನೇ ಆಯ್ದು ಕೂಡಿಸುತ್ತ ಹೋಗಿ, ಕೊನೆಗೆ ಹಾರಾಟವನ್ನೇ ಮರೆತ ತಳಿಯೊಂದನ್ನು ಪಡೆದರು. ಫ್ರಾನ್ಸಿನಲ್ಲೂ ಹಾರದ ತಳಿ ಬಂತು. ಹಾಲೆಂಡಿನಲ್ಲಿ ಎರಡು ಚುಕ್ಕೆಯ ಹುಳುವಿನಲ್ಲಿ ರೆಕ್ಕೆಯೇ ಸರಿಯಾಗಿ ಬೆಳೆಯದ ತಳಿಯೊಂದನ್ನು ಸಾಕಿ ನೋಡಿದ್ದಾರೆ. ಗಾಜಿನ ಮನೆಯ ತರಕಾರಿಗೆ ಇಂಥವು ಸರಿಹೋಗಬಹುದು. ನಮ್ಮ ಇಳಿಜಾರು ತೋಟದಲ್ಲಿ, ಗಿಡದಿಂದ ಗಿಡಕ್ಕೆ ತಿಗಣೆಯನ್ನು ಹುಡುಕಿಕೊಂಡು ಹೋಗಬೇಕಾದ ಕಡೆ, ಹಾರದ ಹುಳುವಿಂದ ಏನು ಪ್ರಯೋಜನವೋ ಓದುಗರೇ ಊಹಿಸಬಹುದು. ಆಯ್ಕೆಯಿಂದ ಸ್ವಭಾವ ಬದಲಾಗುತ್ತದೆಂಬ ಮಾತನ್ನು ಮಾತ್ರ ಇಲ್ಲಿಂದ ಎತ್ತಿಕೊಳ್ಳೋಣ. ಸಾಕಣೆಯ ಪೆಟ್ಟಿಗೆಯೊಳಗೂ ಆಯ್ಕೆ ನಡೆದೇ ಇರುತ್ತದೆ. ಪೆಟ್ಟಿಗೆಯಲ್ಲಿ ಊಟ ಮುಂದೆಯೇ ಇರುವುದರಿಂದ ಹುಡುಕುವ ಚಾಕಚಕ್ಯ ಬೇಕಿಲ್ಲ, ಮಳೆಗಾಳಿ ತಡೆಯಬೇಕಿಲ್ಲ, ಇರುವೆಯ ಭಯವಿಲ್ಲ. ಅಲ್ಲಿ ಬೇಗ ಬೆಳೆದು ಬೇಗ ಮೊಟ್ಟೆಯಿಡುವುದೇ ಗೆಲ್ಲುತ್ತದೆ. ಹಲವು ಪೀಳಿಗೆ ಕಳೆದರೆ ಪೆಟ್ಟಿಗೆಗೆ ಒಗ್ಗಿದ, ತೋಟಕ್ಕೆ ಒಗ್ಗದ ಹುಳು ತಯಾರಾಗುವ ಅಪಾಯ ಇದ್ದೇ ಇದೆ.

ಹಾರ್ಮೋನಿಯದ ದಿಗ್ವಿಜಯ

ಈಗ ಹಾರ್ಮೋನಿಯದ ಕಥೆಗೆ ಬರೋಣ. ವಿದೇಶದ ಹುಳು ತರಿಸಬಾರದೇಕೆ ಎಂದು ಕೇಳುವ ತರುಣ ಸದಸ್ಯರು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ.

ಚೀನಾ, ಜಪಾನ್, ಕೊರಿಯ, ಸೈಬೀರಿಯಗಳು ಈ ಹುಳುವಿನ ತವರು. ಹೇನು ತಿನ್ನುವುದರಲ್ಲಿ ನಿಸ್ಸೀಮ. ಅಮೆರಿಕದವರು 1916ರಲ್ಲಿ ಇದನ್ನು ಮೊದಲ ಸಲ ಕ್ಯಾಲಿಫೋರ್ನಿಯದಲ್ಲಿ ಬಿಟ್ಟರು. ನಿಲ್ಲಲಿಲ್ಲ. ಮತ್ತೆ ಮತ್ತೆ ಬೇರೆ ಬೇರೆ ರಾಜ್ಯಗಳಲ್ಲಿ ಬಿಟ್ಟರೂ ಎಪ್ಪತ್ತು ವರ್ಷ ಯಾವ ಸುಳಿವೂ ಇರಲಿಲ್ಲ. 1988ರಲ್ಲಿ ಲೂಯಿಸಿಯಾನಾ ರಾಜ್ಯದಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡಿತು, ಕೆಲವೇ ವರ್ಷಗಳಲ್ಲಿ ಖಂಡದ ತುಂಬ ಹರಡಿತು. ಯೂರೋಪಿನಲ್ಲಿ ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆ 1982ರಲ್ಲಿ ಚೀನಾದಿಂದ ತರಿಸಿ ಸಾಕಿತ್ತು. 1995ರಿಂದ ಮಾರಾಟಕ್ಕೂ ಬಂತು. 2001ರಲ್ಲಿ ಬೆಲ್ಜಿಯಂ, 2004ರಲ್ಲಿ ಇಂಗ್ಲೆಂಡ್ ಎಂದು ಕಾಡುಸಂತತಿ ದೇಶದಿಂದ ದೇಶಕ್ಕೆ ದಾಟಿತು. ದಕ್ಷಿಣ ಅಮೆರಿಕಕ್ಕೂ ದಕ್ಷಿಣ ಆಫ್ರಿಕಕ್ಕೂ ತಲುಪಿತು.

ಇಷ್ಟು ದಿನ ಸೋತ ಹುಳು ಒಮ್ಮೆಲೇ ಗೆದ್ದದ್ದು ಹೇಗೆ? ಫ್ರಾನ್ಸಿನ ಸಂಶೋಧಕರು ಹಲವು ದೇಶಗಳ ಹುಳುಗಳ ವಂಶವಾಹಿಗಳನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದ ವಿವರ ಆಶ್ಚರ್ಯಕರವಾಗಿದೆ. ಯೂರೋಪು, ದಕ್ಷಿಣ ಅಮೆರಿಕ, ಆಫ್ರಿಕಗಳಿಗೆ ದಾಳಿಯಿಟ್ಟ ಹುಳುಗಳು ನೇರವಾಗಿ ಏಷ್ಯಾದಿಂದ ಬಂದವಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ನೆಲೆಯೂರಿದ ಸಂತತಿಯೇ ಎಲ್ಲ ಕಡೆಗೂ ಹೊರಟ ಮೂಲ. ಯೂರೋಪಿನಲ್ಲಿ ಅದರೊಂದಿಗೆ ಸಾಕಣೆಯ ತಳಿಯೂ ಬೆರೆಯಿತು. ತವರಿನ ಹುಳುವಿನಲ್ಲಿಲ್ಲದ ಯಾವುದೋ ಗುಣ ಈ ವಲಸೆಯ ಸಂತತಿಯಲ್ಲಿ ಸೇರಿಕೊಂಡಿತ್ತೆಂದೇ ಅರ್ಥ.

ಆ ಗುಣಗಳಲ್ಲೊಂದನ್ನು 2011ರಲ್ಲಿ ಪರೀಕ್ಷೆಯಿಂದಲೇ ಹೊರಗೆಡಹಿದರು. ಅಣ್ಣತಂಗಿಯರನ್ನು ಕೂಡಿಸಿ ಮರಿ ಮಾಡಿಸಿದಾಗ ತವರಿನ ಸಂತತಿ ಸೊರಗಿತು, ವಲಸೆಯ ಸಂತತಿ ಮಾತ್ರ ಅಷ್ಟೇನೂ ಕುಗ್ಗಲಿಲ್ಲ. ನಮಗೆ ಇದು ಅರ್ಥವಾಗದ ವಿಷಯವಲ್ಲ. ರೋಬಸ್ಟಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಲಾರದು, ಬೇರೆ ಗಿಡದ ಪರಾಗ ಬೇಕು. ಅರೇಬಿಕಾಕ್ಕೆ ತನ್ನದೇ ಸಾಕು. ಬಾಬಾಬುಡನ್‌ಗಿರಿಗೆ ಏಳೇ ಬೀಜ ಬಂದವೆಂಬ ಐತಿಹ್ಯವನ್ನು ನಂಬುವುದಾದರೆ, ಅಷ್ಟರಿಂದಲೇ ತೋಟ ತೋಟಗಳನ್ನು ತುಂಬಿಸುವುದು ಅರೇಬಿಕಾಕ್ಕೆ ಸಾಧ್ಯ, ರೋಬಸ್ಟಾಕ್ಕೆ ಕಷ್ಟ. ಹುಳುಗಳಲ್ಲಿ ತವರಿನ ಹಾರ್ಮೋನಿಯ ರೋಬಸ್ಟಾದಂತೆ, ವಲಸೆಯದು ಅರೇಬಿಕಾದಂತೆ ಎಂದುಕೊಳ್ಳಬಹುದು. ಕಡಿಮೆ ಸಂಖ್ಯೆಯಲ್ಲಿ ದಾಟಿಬಂದಾಗ ಒಳಗೆ ಅಡಗಿದ್ದ ಕೆಟ್ಟ ವಂಶವಾಹಿಗಳು ಹೊರಬಿದ್ದು, ಅವನ್ನು ಹೊತ್ತ ಹುಳುಗಳು ಸತ್ತು, ಉಳಿದ ಸಂತತಿ ಶುದ್ಧವಾಯಿತೆಂಬುದು ವಿಜ್ಞಾನಿಗಳ ವಿವರಣೆ. ಹಾಗೆಂದು ಒಳಸಂಬಂಧ ಒಳ್ಳೆಯದೆಂದು ಯಾರೂ ತಿಳಿಯಬಾರದು. ಗೆದ್ದ ಒಂದು ಸಂತತಿಯ ಹಿಂದೆ 1916ರಿಂದ ಬಿಟ್ಟೂ ಬಿಟ್ಟೂ ನಿರ್ನಾಮವಾದವು ಎಷ್ಟೋ ಇವೆ.

ದಿಗ್ವಿಜಯದ ಫಲವೇನು? ಹೇನು ಕಡಿಮೆಯಾದದ್ದು ನಿಜ. ಜೊತೆಗೆ ಚಳಿಗಾಲದಲ್ಲಿ ಸಾವಿರಾರು ಹುಳು ಮನೆಯೊಳಗೆ ನುಗ್ಗುತ್ತವೆ. ದ್ರಾಕ್ಷಿ ಗೊಂಚಲಿನಲ್ಲಿ ಅಡಗಿ ಕುಳಿತು ಹಣ್ಣಿನ ಜೊತೆ ಅರೆದುಹೋದರೆ ವೈನಿಗೆ ಕೆಟ್ಟ ವಾಸನೆ ಬರುತ್ತದೆ. ಇಂಗ್ಲೆಂಡ್, ಬೆಲ್ಜಿಯಂಗಳಲ್ಲಿ ಅಲ್ಲಿಯದೇ ಆದ ಎರಡು ಚುಕ್ಕೆಯ ಹುಳು ಬಹಳ ಕಡಿಮೆಯಾಯಿತು. ಹಾರ್ಮೋನಿಯದ ಮೈಯಲ್ಲಿ ಅದಕ್ಕೇನೂ ತೊಂದರೆ ಕೊಡದ ಸೂಕ್ಷ್ಮಜೀವಿಯೊಂದು ಇರುತ್ತದೆ, ಅದು ಏಳು ಚುಕ್ಕೆಯ ಹುಳುವಿಗೆ ತಗುಲಿದರೆ ಮಾರಕ ಎಂಬುದು 2013ರಲ್ಲಿ ಗೊತ್ತಾಯಿತು. ನಮ್ಮಲ್ಲಿ 2003ರ ಸಸ್ಯ ಸಂಗರೋಧ ಆದೇಶದಂತೆ ಉಪಕಾರಿ ಕೀಟವನ್ನು ಹೊರದೇಶದಿಂದ ತರಿಸಲೂ ಪರವಾನಗಿ ಬೇಕೆಂಬ ಕಟ್ಟುನಿಟ್ಟು ಇರುವುದು ಸುಮ್ಮನೆ ಅಲ್ಲ. ಯಾರೋ ನೆಂಟರು ಸೂಟ್‌ಕೇಸಿನಲ್ಲಿ ತಂದುಕೊಡುತ್ತಾರೆಂಬ ಮಾತನ್ನು ಸಂಘದ ಜಗಲಿಯಲ್ಲೂ ಆಡಬೇಡಿ.

ಕೆಲವೇ ಹುಳುಗಳಿಂದ ಒಳ್ಳೆಯದೇ ಆದ ನಿದರ್ಶನವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು ಐಸೀರಿಯ ಎಂಬ ಬಿಳಿ ತಿಗಣೆ ಸುಡುಗಾಡು ಮಾಡುತ್ತಿದ್ದಾಗ, ಆಲ್ಬರ್ಟ್ ಕೋಬೆಲ್ ಎಂಬುವರು ಆಸ್ಟ್ರೇಲಿಯಾದಿಂದ ವೆಡೇಲಿಯ ಎಂಬ ಗುಲಗಂಜಿ ಹುಳುಗಳನ್ನು ಹಡಗಿನಲ್ಲಿ ಕಳಿಸಿದರು. 1888ರ ನವೆಂಬರಿನಿಂದ 1889ರ ಜನವರಿಯವರೆಗೆ ಮೂರು ಕಂತಿನಲ್ಲಿ ಬಂದದ್ದು ಒಟ್ಟು 129 ಹುಳು. ಜೂನ್ ಹೊತ್ತಿಗೆ 228 ಬೆಳೆಗಾರರಿಗೆ 10,555 ಹುಳು ಹಂಚಿಯಾಗಿತ್ತು. ಮುಂದೆ ಅದೇ ತಿಗಣೆ ನೀಲಗಿರಿಗೆ ಬಂದಾಗ ವೆಡೇಲಿಯವನ್ನೂ 1929ರ ಸುಮಾರಿಗೆ ಅಲ್ಲಿಗೆ ತರಿಸಿ ಬಿಟ್ಟರು. ಒಂದು ಜಾತಿಗೆ ಆದದ್ದು ಇನ್ನೊಂದಕ್ಕೆ ಆಗುವುದೆಂದು ಹೇಳಲು ಬಾರದು.

ಒಡೆಯದ ಮೊಟ್ಟೆಗಳು

ಸಾಕಣೆ ಮಾಡುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಎರಡು ಚುಕ್ಕೆಯ ಹುಳುವಿನಲ್ಲಿ ಕೆಲವು ಹೆಣ್ಣುಗಳು ಇಟ್ಟ ಮೊಟ್ಟೆಗಳಲ್ಲಿ ಅರ್ಧದಷ್ಟು ಒಡೆಯುವುದೇ ಇಲ್ಲ, ಒಡೆದ ಮರಿಗಳೆಲ್ಲ ಹೆಣ್ಣೇ ಆಗುತ್ತವೆ. ರಷ್ಯದ ಲೂಸ್ ಎಂಬುವರು 1947ರಲ್ಲಿಯೇ ಇಂಥ ಕುಟುಂಬಗಳನ್ನು ವರ್ಣಿಸಿದ್ದರು. ಕಾರಣ ತಿಳಿದದ್ದು 1990ರ ದಶಕದಲ್ಲಿ. ತಾಯಿಯ ಮೈಯಿಂದ ಮೊಟ್ಟೆಗೆ ಇಳಿಯುವ ಒಂದು ಬ್ಯಾಕ್ಟೀರಿಯ ಗಂಡು ಭ್ರೂಣಗಳನ್ನು ಮೊಟ್ಟೆಯೊಳಗೇ ಕೊಲ್ಲುತ್ತದೆ. ಬದುಕಿದ ಹೆಣ್ಣು ಮರಿಗಳು ಸತ್ತ ತಮ್ಮಂದಿರ ಮೊಟ್ಟೆಯನ್ನೇ ಮೊದಲ ಊಟ ಮಾಡಿ ಗಟ್ಟಿಯಾಗುತ್ತವೆ. ಕೇಳಲು ಕ್ರೂರ, ಆದರೆ ಬ್ಯಾಕ್ಟೀರಿಯಕ್ಕೆ ಲಾಭ. ಏಕೆಂದರೆ ಅದು ಮುಂದಿನ ಪೀಳಿಗೆಗೆ ಸಾಗುವುದು ಹೆಣ್ಣಿನ ಮೂಲಕ ಮಾತ್ರ. ಒಂದೂರಿನ ಸಂತತಿಯಲ್ಲಿ ಈ ಸೋಂಕು ಹೆಚ್ಚು, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಹಾರ್ಮೋನಿಯದಲ್ಲೂ ಇಂಥದು ಕಂಡುಬಂದಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಕೆಲವು ಸದಸ್ಯರು ಖಾಸಗಿ ಸರಬರಾಜುದಾರರೊಬ್ಬರಿಂದ ತರಿಸಿದ ಪೆಟ್ಟಿಗೆಗಳಲ್ಲಿ ಹುಳು ಸೊರಗಿದ್ದವು, ಮೊಟ್ಟೆ ಬಹುಪಾಲು ಒಡೆಯಲಿಲ್ಲ. ಇದಕ್ಕೆ ಬಿಸಿಲಿನ ಪ್ರಯಾಣವೂ ಕಾರಣವಾಗಿರಬಹುದು, ಒಳಸಂಬಂಧವೂ ಇರಬಹುದು. ನಾವು ಕೇಳಿದ ಮೂಲ ಸಂತತಿಯ ವಿವರಕ್ಕೆ ಅವರಿಂದ ಇಂದಿನವರೆಗೂ ಉತ್ತರ ಬಂದಿಲ್ಲ. ಹಣ ಮಾತ್ರ ಮುಂಗಡವಾಗಿಯೇ ಪಡೆದಿದ್ದರು.

ಅಡಿಕೆ ಬೆಳೆಗಾರರಿಗೆ ಒಂದು ಮಾತು

ಇದು ಕಾಫಿಯವರ ವಿಷಯವೆಂದು ಅಡಿಕೆಯವರು ಪುಟ ತಿರುವಬೇಕಾಗಿಲ್ಲ. ಬೇಸಿಗೆಯಲ್ಲಿ ಎಳೆ ಅಡಿಕೆ ಸಸಿಗಳ ಸೋಗೆಯ ಅಡಿಭಾಗವನ್ನು ಕೆಂಪಗೆ ಮಾಡುವ ನುಸಿಯನ್ನು ತಿನ್ನುವ ಸ್ಟೆಥೋರಸ್ ಎಂಬ ಸಾಸಿವೆಕಾಳಿನಂಥ ಕಪ್ಪು ಹುಳುವೂ ಗುಲಗಂಜಿ ಹುಳುವಿನ ಕುಟುಂಬದ್ದೇ. ಇದರಲ್ಲಿ ಒಂದು ಜಾತಿಗೆ ಕೇರಳದ ಹೆಸರೇ ಇದೆ. ಹಳೆಯ ಮೈಸೂರು ಸೀಮೆಯ ಉಪಕಾರಿ ಗುಲಗಂಜಿ ಹುಳುಗಳನ್ನು ಪುಟ್ಟರುದ್ರಯ್ಯ ಮತ್ತು ಚನ್ನಬಸವಣ್ಣ ಎಂಬ ನಮ್ಮವರೇ ಆದ ಕೀಟಶಾಸ್ತ್ರಜ್ಞರು 1950ರ ದಶಕದಲ್ಲಿ ಪಟ್ಟಿ ಮಾಡಿ ಪ್ರಕಟಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಸ್ಟೆಥೋರಸ್‌ನ್ನು ಯಾರೂ ಪೆಟ್ಟಿಗೆಯಲ್ಲಿ ಮಾರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವುದೊಂದೇ ದಾರಿ. ಭೂತಗನ್ನಡಿ ಹಿಡಿದು ಸೋಗೆಯ ಅಡಿ ನೋಡಿ, ನುಸಿಯ ನಡುವೆ ಕಪ್ಪು ಹುಳು ಓಡಾಡುತ್ತಿದ್ದರೆ ಸಿಂಪರಣೆಯನ್ನು ಒಂದು ವಾರ ಮುಂದೂಡಿ ಮತ್ತೆ ನೋಡಿ ಎಂಬುದು ನಮ್ಮ ಸಲಹೆ.

ಸಭೆಯ ಮುಂದಿರುವ ವಿಷಯ

ಕ್ಯಾಲಿಫೋರ್ನಿಯದ ಉದಾಹರಣೆಯೊಂದು ನಮಗೆ ಬಹಳ ಹತ್ತಿರದ್ದು. ಕ್ರಿಪ್ಟೊಲೀಮಸ್‌ನ್ನು ಅಲ್ಲಿಗೆ 1891ರ ಸುಮಾರಿಗೆ ತಂದವರೂ ಕೋಬೆಲ್ ಅವರೇ. ಕರಾವಳಿಯ ಬೆಚ್ಚನೆಯ ಪಟ್ಟಿಯಲ್ಲಿ ಮಾತ್ರ ಅದು ಚಳಿಗಾಲ ಕಳೆಯಬಲ್ಲದು, ಒಳನಾಡಿನಲ್ಲಿ ಸಾಯುತ್ತದೆ. ಅದಕ್ಕಾಗಿ ಅಲ್ಲಿನ ಕಿತ್ತಳೆ, ನಿಂಬೆ ಬೆಳೆಗಾರರು ತಾವೇ ಸೇರಿ ಫಿಲ್‌ಮೋರ್ ಎಂಬಲ್ಲಿ 1922ರಲ್ಲಿ, ಸಾಂಟಾ ಪೌಲಾ ಎಂಬಲ್ಲಿ 1928ರಲ್ಲಿ ಹುಳು ಸಾಕುವ ಸಂಸ್ಥೆಗಳನ್ನು ಕಟ್ಟಿಕೊಂಡರು. ಆಲೂಗಡ್ಡೆಯ ಮೊಳಕೆಯ ಮೇಲೆ ಹಿಟ್ಟು ತಿಗಣೆ ಬೆಳೆಸಿ, ತಿಗಣೆಯ ಮೇಲೆ ಹುಳು ಬೆಳೆಸುವ ಪದ್ಧತಿ ಅವರದು. ನಮ್ಮಲ್ಲಿ ಆಲೂಗಡ್ಡೆಯ ಬದಲು ಸಿಹಿಗುಂಬಳ. ತಿಂಗಳೊಂದರಲ್ಲಿ ಮೊಟ್ಟೆಯಿಂದ ಹುಳುವಾಗುತ್ತದೆ. ಕೆಲಸ ಕಷ್ಟದ್ದಲ್ಲ, ಶುಚಿ ಮತ್ತು ತಾಳ್ಮೆ ಬೇಕು.

ಆಡಳಿತ ಮಂಡಳಿಯ ಕೆಲವರಿಗೆ ಕೊಳ್ಳುವುದೇ ಅಗ್ಗವೆಂದು ತೋರಿದೆ. ನಮಗೆ ಸಾಕಣೆಯೇ ಮೇಲೆನಿಸುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಒಂದೇ ತೋಟದ ಹತ್ತು ಹುಳುವಿನಿಂದ ಶುರುಮಾಡಿ ಹತ್ತು ವರ್ಷ ಅದನ್ನೇ ತಿರುಗಿಸುವುದಾದರೆ ಬೇಡವೇ ಬೇಡ. ಮೂಲ ಸಂತತಿಯನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಿಂದಲೋ, ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯ ಸಲಹೆಯಂತೆಯೋ ಪಡೆಯಬೇಕು. ಜೊತೆಗೆ ಪ್ರತಿ ವರ್ಷ ನಮ್ಮದೇ ಹಲವಾರು ತೋಟಗಳಲ್ಲಿ, ಬೇಸಿಗೆ ಸೆಕೆಯನ್ನೂ ಜುಲೈ ಮಳೆಯನ್ನೂ ತಡೆದು ಉಳಿದ ಹುಳುಗಳನ್ನು ಹಿಡಿದು ತಂದು ಅದರೊಂದಿಗೆ ಬೆರೆಸಬೇಕು. ನೂರಾ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ನಾಡಿನ ಹವೆಯಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ಬಾಳಿದ ಸಂತತಿ ಅದು. ಕೊಳ್ಳುವುದೆಂದೇ ಸಭೆ ತೀರ್ಮಾನಿಸಿದರೆ, ಮೂಲ ಎಲ್ಲಿಯದು, ಎಷ್ಟು ಪೀಳಿಗೆಯಿಂದ ಪೆಟ್ಟಿಗೆಯಲ್ಲಿದೆ, ಹೊರಗಿನ ಹುಳುವನ್ನು ಕಡೆಯ ಸಲ ಸೇರಿಸಿದ್ದು ಯಾವಾಗ ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ಚೆಕ್ಕಿಗೆ ಸಹಿ ಮಾಡಲು ಕಾರ್ಯದರ್ಶಿಯಾಗಿ ನಾವು ಒಪ್ಪುವುದಿಲ್ಲ.

ಎಂಥ ತಳಿಯ ಹುಳುವನ್ನೇ ಬಿಡಿ, ಇರುವೆಗಳು ತಿಗಣೆಯ ಸಿಹಿಗಾಗಿ ಕಾವಲು ಕುಳಿತಿದ್ದರೆ ದೊಡ್ಡ ಹುಳುವಿಗೆ ಹತ್ತಿರ ಬರಲು ಬಿಡುವುದಿಲ್ಲ. ಮರಿಗೆ ಮೇಣದ ಹೊದಿಕೆ ಸ್ವಲ್ಪ ರಕ್ಷಣೆ ಕೊಡುತ್ತದೆ. ಚಗಳಿ ಚಟ್ನಿ ಮಾಡುವ ಮನೆಗಳವರು ಈ ಒಂದು ವಿಷಯದಲ್ಲಿ ನಮಗಿಂತ ಮುಂದೆ ಇದ್ದಾರೆಂದು ತಮಾಷೆಗೆ ಹೇಳಬಹುದು. ಹುಳು ಬಿಟ್ಟ ತೋಟದಲ್ಲಿ ಕೀಟನಾಶಕವನ್ನು ಇಡೀ ಬ್ಲಾಕಿಗೆ ಹೊಡೆಯುವುದೂ ಬೇಡ. ತಿಗಣೆ ವಿಪರೀತವಾದ ಗಿಡಗಳನ್ನು ಗುರುತು ಮಾಡಿ ಆಯಾ ಗಿಡಕ್ಕಷ್ಟೇ ಉಪಚರಿಸಿದರೆ ಹುಳುವಿಗೆ ಅಕ್ಕಪಕ್ಕದಲ್ಲಿ ಆಶ್ರಯ ಉಳಿಯುತ್ತದೆ.

ತಮ್ಮ ತೋಟದಲ್ಲಿ ಕ್ರಿಪ್ಟೊಲೀಮಸ್ ತಾನಾಗಿಯೇ ಎರಡು ಮಳೆಗಾಲ ದಾಟಿ ಉಳಿದಿದೆಯೆಂದು ಖಚಿತವಿರುವ ಸದಸ್ಯರು ಹೆಸರು, ತೋಟದ ಎತ್ತರ, ನೆರಳಿನ ಮರ ಮತ್ತು ಕಡೆಯ ಸಿಂಪರಣೆಯ ತಿಂಗಳನ್ನು ಬರೆದು ಕಚೇರಿಗೆ ಕೊಡಬೇಕಾಗಿ ವಿನಂತಿ. ಬರುವ ಮಾರ್ಚಿಯಲ್ಲಿ ನಾವೇ ಬಂದು ಹತ್ತು ಹನ್ನೆರಡು ಹುಳು ಹಿಡಿದು ಒಯ್ಯುತ್ತೇವೆ. ಬೂದು ಮೆತ್ತದ, ತೊಟ್ಟು ಗಟ್ಟಿಯಿರುವ ಮಧ್ಯಮ ಗಾತ್ರದ ಸಿಹಿಗುಂಬಳ ಇದ್ದವರು ಮಾರಿಬಿಡುವ ಮುಂಚೆ ಗುಮಾಸ್ತರಿಗೆ ಒಂದು ಮಾತು ತಿಳಿಸಿದರೆ ಉಪಕಾರವಾಗುತ್ತದೆ.